ಹಕ್ಕಿ ಒಂದು, ವಾದ ಒಂಬತ್ತು

ಹಕ್ಕಿ ನೋಡಲು ಗುಂಪು ಕಟ್ಟಿಕೊಂಡು ಹೋಗುತ್ತೇವೆ ಎಂದರೆ ಕೇಳಿದವರಿಗೆ ನಗು ಬರುವುದು ಸಹಜ. ಎಲೆ ಅಲುಗಿದರೂ ಹಾರಿಹೋಗುವ ಜೀವವನ್ನು ನೋಡಲು ಒಂಬತ್ತು ಜನ, ಹೆಗಲಿಗೆ ನೇತುಬಿದ್ದ ಚೀಲಗಳು, ನಡುನಡುವೆ ಯಾರದೋ ಜೇಬಿನಲ್ಲಿ ಹಾಡತೊಡಗುವ ಮೊಬೈಲು! ‘ದಿಬ್ಬಣ ಹೊರಟ ಹಾಗೆ ಹೋದರೆ ಯಾವ ಹಕ್ಕಿ ನಿಮಗಾಗಿ ಕಾದು ಕೂತಿರುತ್ತೆ?’ ಎಂದು ನಮ್ಮ ಅತ್ತಿಗೆ ಕೇಳಿದ್ದರು. ಪ್ರಶ್ನೆ ಸರಿಯಾಗಿಯೇ ಇದೆ. ಹೆಚ್ಚು ಹಕ್ಕಿ ನೋಡುವುದಷ್ಟೇ ಗುರಿಯಾದರೆ ಒಬ್ಬರೇ ಹೋಗಿ, ಒಂದು ಮರದ ಬುಡದಲ್ಲಿ ಸದ್ದಿಲ್ಲದೆ ಕೂತುಬಿಡುವುದು ವಾಸಿ. ಆದರೂ ಹಳ್ಳಿಯ ಕಡೆ ಗುಂಪಿನಲ್ಲೇ ಹೋಗಿ ಎಂದು ನಾನು ಹೇಳುವುದಕ್ಕೆ ಕಾರಣ ಬೇರೆ. ಒಬ್ಬರೇ ಹೋದಾಗ ನಮ್ಮ ಕಣ್ಣು ಹೇಳಿದ್ದೇ ವೇದ. ಗುಂಪಿನಲ್ಲಿ ಅದಕ್ಕೆ ಎದುರಾಡುವವರು ಇರುತ್ತಾರೆ.

ಜನವರಿಯ ಒಂದು ಭಾನುವಾರ ಮೈಸೂರಿನಿಂದ ಎರಡು ಕಾರಿನಲ್ಲಿ ಹೊರಟದ್ದು ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ. ಮೈಸೂರು ಅರಸರ ಕಥೆ ಓದಿದವರಿಗೆ ಊರಿನ ಹೆಸರು ಗೊತ್ತಿರುತ್ತದೆ. ಯದುರಾಯ ಬಂದು 1399ರಲ್ಲಿ ವಂಶಕ್ಕೆ ಬುನಾದಿ ಹಾಕಿದ ಎನ್ನುವ ಐತಿಹ್ಯ ಹದಿನಾಡು ಎಂದೂ ಕರೆಯುವ ಈ ಊರಿನದೇ. ಈಗ ಚಳಿಗಾಲದಲ್ಲಿ ಇಲ್ಲಿಗೆ ಬರುವ ಅತಿಥಿಗಳು ಬೇರೆ. ಮಂಗೋಲಿಯ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು.

ಗುಂಪು ಎಂದರೆ ಎಂಥದು ಎಂದು ಹೇಳಬೇಕು. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು. ಕೆರೆಗಳ ಹೆಸರು, ಹಾದಿ, ಯಾವ ವರ್ಷ ಯಾವುದು ಬತ್ತಿತ್ತು ಎಂಬುದೆಲ್ಲ ಬಾಯಲ್ಲಿ. ಹೈಸ್ಕೂಲು ಮೇಷ್ಟ್ರು. ದಂತವೈದ್ಯೆ ಮತ್ತು ಅವರ ಎಂಟನೇ ತರಗತಿಯ ಮಗ. ಪ್ರಾಣಿಶಾಸ್ತ್ರ ಓದುತ್ತಿರುವ ಇಬ್ಬರು ಹುಡುಗಿಯರು. ಮೊಣಕಾಲುದ್ದದ ಲೆನ್ಸ್ ಹೊತ್ತ ಇಬ್ಬರು. ಜೊತೆಗೆ ನಾನು. ಇವರಲ್ಲಿ ಅರ್ಧಕ್ಕರ್ಧ ಜನಕ್ಕೆ ಒಬ್ಬರಿಗೊಬ್ಬರ ಪರಿಚಯ ಹಕ್ಕಿ ನೋಡುವುದರಿಂದಲೇ ಆದದ್ದು. ಜಾತಿ, ಸಂಬಳ, ಪಕ್ಷ ಯಾವುದನ್ನೂ ಕೇಳದೆ ಮೂರು ಗಂಟೆ ಒಟ್ಟಿಗೆ ಕಳೆಯುವ ಜಾಗಗಳು ನಮ್ಮಲ್ಲಿ ಕಡಿಮೆಯಾಗುತ್ತಿರುವಾಗ ಇದೂ ಒಂದು ಲಾಭವೇ.

ಹೊಸಬರಿಗೆ ಮೊದಲು ಸಿಗುವ ಪಾಠ ನಿಲ್ಲುವ ಜಾಗದ್ದು. ಬೆಳಿಗ್ಗೆ ಕೆರೆಯ ಮೂಡಣ ದಡದಲ್ಲಿ ನಿಲ್ಲಬೇಕು, ಬಿಸಿಲು ಬೆನ್ನಿಗಿರಬೇಕು. ಪಡುವಣ ದಡದಲ್ಲಿ ನಿಂತರೆ ಕೆರೆಯಲ್ಲಿರುವ ಬಾತುಗಳೆಲ್ಲ ಕಪ್ಪು ಬೊಂಬೆಗಳಂತೆ ಕಾಣುತ್ತವೆ. ಎರಡನೆಯದು ದುರ್ಬೀನಿನದು. ಎಂಟು ಇಂಟು ನಲವತ್ತೆರಡು ಎಂದು ಬರೆದಿರುವುದು ಸಾಕು: ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್. ಹತ್ತು, ಹನ್ನೆರಡು ಪಟ್ಟಿನದು ತಂದವರ ಕೈ ನಡುಗಿದರೆ ಹಕ್ಕಿಯೂ ಅಷ್ಟೇ ಪಟ್ಟು ನಡುಗುತ್ತದೆ. ಹಕ್ಕಿಯ ಮೇಲಿನ ಕಣ್ಣು ತೆಗೆಯದೆ ದುರ್ಬೀನನ್ನು ಮೇಲೆತ್ತಿ ಕಣ್ಣಿಗಿಡಬೇಕು. ದುರ್ಬೀನು ಕಣ್ಣಿಗಿಟ್ಟುಕೊಂಡು ಆಮೇಲೆ ಹುಡುಕಹೊರಟರೆ ಬರೀ ಆಕಾಶ ಸಿಗುತ್ತದೆ.

ಮೂರನೆಯದು ತೋರಿಸುವ ಕಲೆ. ‘ಅಲ್ಲಿ, ಅಲ್ಲಿ, ಆ ಮರದಲ್ಲಿ’ ಎನ್ನುವುದು ಎಲ್ಲ ಗುಂಪಿನಲ್ಲೂ ಕೇಳಿಬರುವ, ಯಾರಿಗೂ ಉಪಯೋಗವಿಲ್ಲದ ಮಾತು. ‘ಎರಡು ತೆಂಗು ಜೊತೆಗಿವೆಯಲ್ಲ, ಗಿಡ್ಡದ್ದು, ಅದರ ಎಡಗಡೆ ಒಣಗಿದ ಗರಿ, ಗರಿಯ ತುದಿಯಿಂದ ಕೆಳಗೆ ಒಂದು ಗೇಣು’ ಎಂದು ಮೇಷ್ಟ್ರು ಹೇಳಿದಾಗ ಒಂಬತ್ತೂ ದುರ್ಬೀನು ಒಂದೇ ಕಡೆ ತಿರುಗಿದವು. ಅಲ್ಲಿ ಕೂತಿದ್ದದ್ದು ಹಾಲಕ್ಕಿ. ಹಗಲು ಹೊತ್ತು ಕೆದಕಿದ ಸಿಟ್ಟಿನಿಂದ ನಮ್ಮನ್ನೇ ದಿಟ್ಟಿಸುತ್ತಿತ್ತು. ಮೂವತ್ತು ವರ್ಷ ಮಕ್ಕಳಿಗೆ ನಕಾಶೆ ತೋರಿಸಿದ ಅನುಭವ ಮೇಷ್ಟ್ರದು.

ಏರಿಯ ಮೇಲೆ ನಡೆಯುವಾಗ ಸುಲಭದವು ತಾವಾಗಿಯೇ ಲೆಕ್ಕಕ್ಕೆ ಬಂದವು. ತಂತಿಯ ಮೇಲೆ ಕಾಜಾಣ, ಗದ್ದೆ ಮಿಂಚುಳ್ಳಿ, ಕಳ್ಳಿಪೀರ. ಹೂಳಿನ ಅಂಚಿನಲ್ಲಿ ಮೆಟ್ಟುಗಾಲ ಹಕ್ಕಿ, ಟಿಟ್ಟಿಭ. ನೀರಿನಲ್ಲಿ ಗುಳುಮುಳುಕ, ನಾಮದ ಕೋಳಿ, ಸೂಜಿಬಾಲದ ಬಾತು. ಒಣಮರದ ಮೇಲೆ ರೆಕ್ಕೆ ಹರಡಿ ಬಿಸಿಲಿಗೊಡ್ಡಿದ್ದ ನೀರುಕಾಗೆ. ಇವುಗಳ ಬಗ್ಗೆ ಯಾರ ತಕರಾರೂ ಇರಲಿಲ್ಲ.

ತಕರಾರು ಎದ್ದದ್ದು ಕಾಲುವೆ ಕೆರೆಗೆ ಸೇರುವ ಮೂಲೆಯಲ್ಲಿ, ಕೆಸರು ಕೆದಕುತ್ತಿದ್ದ ಒಂದು ಗದ್ದೆಗೊರವದ ಮೇಲೆ. ಬೂದುಗಂದು ಬೆನ್ನು, ಬಿಳಿ ಹೊಟ್ಟೆ, ನಿಂತಲ್ಲೇ ಹಿಂಭಾಗ ಕುಣಿಸುವ ಚಟ. ಹಿರಿಯರು ನೋಡಿದ ತಕ್ಷಣ ‘ಅಡವಿ ಗದ್ದೆಗೊರವ’ ಎಂದರು, ಬರೆಯಲೂ ಹೊರಟರು.

‘ಸರ್, ಹಸಿರು ಗದ್ದೆಗೊರವ ಅನ್ಸುತ್ತೆ,’ ಎಂದಳು ಕಾಲೇಜಿನ ಹುಡುಗಿ.

‘ಇಲ್ಲಮ್ಮ, ಇಲ್ಲಿ ಯಾವಾಗಲೂ ಅಡವಿಯದೇ ಇರೋದು. ಎಷ್ಟು ವರ್ಷದಿಂದ ನೋಡ್ತಿದ್ದೀನಿ.’

‘ಇರಬಹುದು ಸರ್. ಆದ್ರೆ ಹುಬ್ಬು ನೋಡಿ. ಬಿಳಿ ಗೆರೆ ಕಣ್ಣಿನ ಹತ್ತಿರಕ್ಕೇ ನಿಂತುಹೋಗಿದೆ, ಹಿಂದಕ್ಕೆ ಹೋಗಿಲ್ಲ. ಬೆನ್ನಿನ ಮೇಲೆ ಚುಕ್ಕೆನೂ ಕಡಿಮೆ.’

ಎಲ್ಲರೂ ದುರ್ಬೀನು ಎತ್ತಿದರು. ಪುಸ್ತಕ ಹೊರಬಂತು. ದಂತವೈದ್ಯೆಗೆ ಕಾಲು ಹಳದಿ ಕಂಡಿತು, ಮೇಷ್ಟ್ರಿಗೆ ಹಸಿರು ಕಂಡಿತು, ಕೆಸರು ಮೆತ್ತಿದ ಕಾಲಿಗೆ ಬಣ್ಣ ಹೇಳುವುದು ಹೇಗೆ ಎಂದು ಹುಡುಗ ಕೇಳಿದ. ಲೆನ್ಸಿನವರೊಬ್ಬರು ಫೋಟೊ ಹಿಗ್ಗಿಸಿ ತೋರಿಸಿದರೂ ಫೋಟೊದಲ್ಲಿ ನೆರಳು ಯಾವುದು, ಚುಕ್ಕೆ ಯಾವುದು ಎಂಬ ಹೊಸ ವಾದ ಹುಟ್ಟಿತು. ಹತ್ತು ನಿಮಿಷ ಕಳೆಯಿತು. ಒಂದು ಹಸು ನೀರಿಗಿಳಿದದ್ದೇ ತಡ, ಹಕ್ಕಿ ಚೀರುತ್ತ ಮೇಲೆದ್ದು ನಮ್ಮ ತಲೆಯ ಮೇಲೆಯೇ ಹಾದುಹೋಯಿತು. ರೆಕ್ಕೆಯ ಅಡಿ ಮಸಿಯಂತೆ ಕಪ್ಪು, ಸೊಂಟದ ಮೇಲೆ ಎದ್ದು ಕಾಣುವ ಬಿಳಿ. ಅಡವಿ ಗದ್ದೆಗೊರವಕ್ಕೆ ರೆಕ್ಕೆಯಡಿ ಇಷ್ಟು ಕಪ್ಪಿರುವುದಿಲ್ಲ. ಹಿರಿಯರು ಏನೂ ಮಾತಾಡದೆ ಬರೆದದ್ದನ್ನು ಹೊಡೆದುಹಾಕಿ, ‘ಹಸಿರು, ಒಂದು’ ಎಂದು ಬರೆದರು. ಆಮೇಲೆ ಆ ಹುಡುಗಿಗೆ ತಮ್ಮ ಫ್ಲಾಸ್ಕಿನ ಮೊದಲ ಕಾಫಿ ಕೊಟ್ಟರು.

ನಾನು ಗುಂಪಿನ ಪರ ವಾದಿಸುವುದು ಈ ಹತ್ತು ನಿಮಿಷಕ್ಕಾಗಿ. ಹಿರಿಯರು ಒಬ್ಬರೇ ಬಂದಿದ್ದರೆ ‘ಇಲ್ಲಿ ಯಾವಾಗಲೂ ಇರುವುದು’ ಎನ್ನುವ ರೂಢಿಯೇ ಅವರ ಪುಸ್ತಕದೊಳಗೆ ಹೋಗಿರುತ್ತಿತ್ತು. ಹುಡುಗಿ ಒಬ್ಬಳೇ ಬಂದಿದ್ದರೆ ಹದಿನಾರು ಕೆರೆಯ ಆ ಕೆಸರಿನ ಮೂಲೆಯೇ ಅವಳಿಗೆ ಗೊತ್ತಿರುತ್ತಿರಲಿಲ್ಲ. ವಯಸ್ಸಿಗೆ ಮರ್ಯಾದೆ ಕೊಡುವ ನಮ್ಮ ಸಮಾಜದಲ್ಲಿ ಹತ್ತೊಂಬತ್ತರ ಹುಡುಗಿ ಎಪ್ಪತ್ತರ ಹಿರಿಯರಿಗೆ ಎಲ್ಲರೆದುರು ‘ಅಲ್ಲ’ ಎಂದು ಹೇಳಿ, ಕಾರಣ ಕೊಟ್ಟು, ಕಾಫಿಯನ್ನೂ ಗಿಟ್ಟಿಸುವ ಸಂದರ್ಭ ಎಷ್ಟಿವೆ?

ಈ ಗುಂಪಾಗಿ ಹೋಗುವ ಪದ್ಧತಿಗೆ ಹಳೆಯ ಕಥೆಯಿದೆ, ಅದರ ಬೇರಿರುವುದು ಬೇಟೆಯಲ್ಲಿ. ಅಮೆರಿಕದಲ್ಲಿ ಕ್ರಿಸ್‌ಮಸ್ ದಿನ ಜನ ಎರಡು ತಂಡಗಳಾಗಿ ಬಂದೂಕು ಹಿಡಿದು ಹೊರಡುತ್ತಿದ್ದರು. ಕಂಡ ಹಕ್ಕಿ, ಪ್ರಾಣಿಗಳನ್ನೆಲ್ಲ ಹೊಡೆದು, ಸಂಜೆ ಯಾರ ರಾಶಿ ದೊಡ್ಡದೋ ಅವರು ಗೆದ್ದಂತೆ. ಫ್ರಾಂಕ್ ಚಾಪ್‌ಮನ್ ಎಂಬ ಪಕ್ಷಿತಜ್ಞ 1900ರಲ್ಲಿ, ಹೊಡೆಯುವ ಬದಲು ಎಣಿಸಿ ಎಂದ. ಆ ವರ್ಷದ ಡಿಸೆಂಬರ್ 25ರಂದು ಎಣಿಸಲು ಹೊರಟವರು 27 ಜನ. ಅಂದಿನಿಂದ ಆ ಗಣತಿ ನಿಂತಿಲ್ಲ. ಪೈಪೋಟಿಯ ಹುಮ್ಮಸ್ಸನ್ನು ಹಾಗೇ ಉಳಿಸಿಕೊಂಡು ಬಂದೂಕನ್ನು ಮಾತ್ರ ಕೈಬಿಡಿಸಿದ ಆ ಜಾಣತನ ನನಗೆ ಬಹಳ ಇಷ್ಟ.

ನಮ್ಮ ಕಡೆಯೂ ಈ ಹಾದಿ ಹಳೆಯದೇ. ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದದ್ದು 1939–40ರಲ್ಲಿ. ಕಾವೇರಿಯ ನಡುಗಡ್ಡೆಗಳಲ್ಲಿ ಗೂಡು ಕಟ್ಟುವ ಕೊಕ್ಕರೆಗಳನ್ನು ನೋಡಿ ಅವರು ಅರಸರಿಗೆ ಹೇಳಿದ್ದರಿಂದಲೇ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಬೆಂಗಳೂರಿನಲ್ಲಿ 1970ರ ದಶಕದಲ್ಲಿ ಡಾ. ಜೋಸೆಫ್ ಜಾರ್ಜ್ ಮುಂದಾಗಿ ಕಟ್ಟಿದ ಪಕ್ಷಿವೀಕ್ಷಕರ ಕೂಟ ತಿಂಗಳ ಎರಡನೇ ಭಾನುವಾರ ಲಾಲ್‌ಬಾಗಿನಲ್ಲಿ ಸೇರುವ ರೂಢಿ ಹಾಕಿತು. ಎಷ್ಟೋ ಜನ ಮೊದಲ ಸಲ ದುರ್ಬೀನು ಹಿಡಿದದ್ದು ಅಲ್ಲಿ, ಬೇರೆಯವರಿಂದ ಎರವಲು ಪಡೆದು. ಮಲೆನಾಡಿನಲ್ಲಿ ತೇಜಸ್ವಿಯವರ ‘ಹಕ್ಕಿಪುಕ್ಕ’ ಓದಿ ಕಿಟಕಿ ತೆರೆದವರು ಇನ್ನೊಂದು ಪಂಗಡ. ಅವರು ಗುಂಪಿಗಿಂತ ಮೊದಲು ಹಿತ್ತಿಲಿನಲ್ಲೇ ಕಲಿತವರು.

ಹೆಬ್ಬಾತುಗಳಿಗೆ ಬರೋಣ. ಕೆರೆಯ ಆಚೆ ದಡದ ಹುಲ್ಲಿನ ಮೇಲೆ ಅವು ನೂರಾರು ಸಂಖ್ಯೆಯಲ್ಲಿ ಕೂತಿದ್ದವು, ಕೆಲವು ಒಂದೇ ಕಾಲಿನ ಮೇಲೆ. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಇಡೀ ಹಗಲು ಕೆರೆಯಲ್ಲಿ ವಿಶ್ರಾಂತಿ, ಸಂಜೆಯಾದರೆ ಹೊಲಗದ್ದೆಗಳ ಕಡೆ ಮೇಯಲು ಪಯಣ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲೂ ಇದೇ ದಿನಚರಿ, ಅಲ್ಲಿ ಶೇಂಗಾ, ಕಡಲೆಯ ಹೊಲಗಳು ಅವುಗಳ ಊಟದ ಮನೆ. ಆ ಕೆರೆಗೆ 2024ರಲ್ಲಿ ಜಾಗತಿಕ ಮಹತ್ವದ ಜೌಗುನೆಲೆಗಳ ರಾಮ್‌ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಮಂಗೋಲಿಯದಲ್ಲಿ ವಿಜ್ಞಾನಿಗಳು ಕೊರಳಿಗೆ ಅಕ್ಷರ, ಅಂಕಿ ಬರೆದ ಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಸಿಕ್ಕಿವೆ. ಹಾಗಾಗಿ ನಮ್ಮ ಗುಂಪಿನಲ್ಲಿ ಪ್ರತಿ ಕೊರಳನ್ನೂ ಪರೀಕ್ಷಿಸುವ ಕೆಲಸ ಎಂಟನೇ ತರಗತಿಯ ಹುಡುಗನದು. ಅವತ್ತು ಪಟ್ಟಿ ತೊಟ್ಟ ಹಕ್ಕಿ ಸಿಗಲಿಲ್ಲ. ಅರ್ಧ ಗಂಟೆ ಅವನು ಟೆಲಿಸ್ಕೋಪು ಬಿಟ್ಟುಕೊಡಲೂ ಇಲ್ಲ.

ಇವು ಹಿಮಾಲಯ ದಾಟುವುದನ್ನು ಯಂತ್ರ ಕಟ್ಟಿ ಅಳೆದಿದ್ದಾರೆ. 7 ಸಾವಿರ ಮೀಟರ್‌ಗೂ ಮೇಲಿನ ಎತ್ತರ ದಾಖಲಾಗಿದೆ. ಆದರೆ ಸದಾ ಅಷ್ಟೆತ್ತರದಲ್ಲೇ ತೇಲಿಕೊಂಡು ಬರುತ್ತವೆ ಎಂದು ತಿಳಿಯಬೇಡಿ. ಬೆಟ್ಟ ಬಂದಾಗ ಏರಿ, ಕಣಿವೆ ಬಂದಾಗ ಇಳಿದು, ನೆಲದ ಏರಿಳಿತವನ್ನೇ ಹಿಡಿದು ಹಾರುತ್ತವೆ. ಮೇಲೆ ಗಾಳಿ ತೆಳುವಾದಷ್ಟೂ ರೆಕ್ಕೆ ಬಡಿಯುವ ಶ್ರಮ ಹೆಚ್ಚು, ಅದಕ್ಕೇ ಏರಿದ ಎತ್ತರವನ್ನು ಕಳೆದುಕೊಂಡು ಮತ್ತೆ ಏರುವುದೂ ಅವಕ್ಕೆ ಲಾಭದ ವ್ಯವಹಾರ. ರಾತ್ರಿ, ಮುಂಜಾವಿನ ತಣ್ಣನೆಯ, ದಟ್ಟ ಗಾಳಿಯನ್ನು ಆರಿಸಿಕೊಳ್ಳುತ್ತವೆ. ಅವುಗಳ ರಕ್ತದ ಹಿಮೊಗ್ಲೋಬಿನ್ ಆಮ್ಲಜನಕವನ್ನು ಬೇರೆ ಬಾತುಗಳ ರಕ್ತಕ್ಕಿಂತ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ.

ಎಷ್ಟಿವೆ ಎನ್ನುವುದು ಮುಂದಿನ ವಾದ. ಗುಂಪನ್ನು ಒಂದೊಂದಾಗಿ ಎಣಿಸುವವರಿಲ್ಲ. ಅಂಚಿನ ಹತ್ತನ್ನು ಎಣಿಸಿ, ಅವು ಎಷ್ಟು ಜಾಗ ತುಂಬಿವೆ ಎಂಬ ಅಳತೆಯನ್ನು ಕಣ್ಣಲ್ಲಿ ಹಿಡಿದು, ಆ ಅಳತೆ ಇಡೀ ಗುಂಪಿನಲ್ಲಿ ಎಷ್ಟು ಸಲ ಕೂರುತ್ತದೆ ಎಂದು ನೋಡುತ್ತಾರೆ. ನಾಲ್ಕು ಜನ ಬೇರೆಬೇರೆಯಾಗಿ, ಒಬ್ಬರದು ಒಬ್ಬರಿಗೆ ಹೇಳದೆ ಎಣಿಸಿ, ಚೀಟಿಯಲ್ಲಿ ಬರೆದು ಕೊಡಬೇಕೆನ್ನುವುದು ನಮ್ಮ ಹಿರಿಯರ ನಿಯಮ. ಮೊದಲು ಯಾರೋ ಒಬ್ಬರು ಜೋರಾಗಿ ‘ಆರುನೂರು’ ಎಂದುಬಿಟ್ಟರೆ ಉಳಿದವರ ಎಣಿಕೆಯೂ ಆರುನೂರರ ಸುತ್ತಲೇ ಸುತ್ತುತ್ತದೆ ಎನ್ನುವುದು ಅವರ ಬ್ಯಾಂಕಿನ ಅನುಭವ. ಏಷ್ಯಾದ ನೀರುಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಅದಕ್ಕೆ ಹೋಗುವ ಅಂಕಿಗಳು ಹುಟ್ಟುವುದು ಇಂಥ ಚೀಟಿಗಳಿಂದಲೇ.

ನಾವು ಹಕ್ಕಿ ನೋಡುತ್ತಿದ್ದರೆ ಊರು ನಮ್ಮನ್ನು ನೋಡುತ್ತಿರುತ್ತದೆ. ಮೂರು ಕಾಲಿನ ಸ್ಟ್ಯಾಂಡು, ಅದರ ಮೇಲೆ ಕೊಳವೆ, ಕೈಯಲ್ಲಿ ಪುಸ್ತಕ. ಇಂಥವರನ್ನು ಹಳ್ಳಿಯವರು ಮೊದಲು ಕಂಡಿರುವುದು ರಸ್ತೆಗೋ ಕಾರ್ಖಾನೆಗೋ ಜಮೀನು ಹೋಗುವ ಸಂದರ್ಭದಲ್ಲಿ. ಎಮ್ಮೆ ಹೊಡೆದುಕೊಂಡು ಬಂದ ಹಿರಿಯರೊಬ್ಬರು ಸ್ವಲ್ಪ ದೂರದಲ್ಲೇ ನಿಂತು ಕೇಳಿದರು: ‘ಏನ್ ಸಾಮಿ, ಅಳ್ತೆಗ್ ಬಂದಿದ್ದೀರಾ?’

‘ಇಲ್ಲ ಯಜಮಾನ್ರೆ, ಬಾತುಕೋಳಿ ನೋಡೋಕೆ.’

ನಂಬಲಿಲ್ಲ. ಹುಡುಗ ಟೆಲಿಸ್ಕೋಪು ಬಿಟ್ಟುಕೊಟ್ಟದ್ದು ಆಗ ಮಾತ್ರ. ಯಜಮಾನರು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. ‘ಇವಾ? ಸಂಕ್ರಾಂತಿ ಇನ್ನೂ ತಿಂಗ್ಳಿರಂಗೇ ಬತ್ತವೆ. ಶಿವರಾತ್ರಿ ಕಳೀತು ಅಂದ್ರೆ ಒಂದೂ ಇರಾಕಿಲ್ಲ. ಈ ದಪ ಮಳೆ ಜಾಸ್ತಿ ಆಗಿ ಕೆರೆ ತುಂಬೈತಲ್ಲ, ದಡ ಸಿಕ್ದೆ ತಡ್ವಾಗ್ ಬಂದ್ವು.’ ಹೇಳಿ ಎಮ್ಮೆಯ ಹಿಂದೆ ನಡೆದರು. ನೀರು ತೀರಾ ತುಂಬಿದರೆ ಹೆಬ್ಬಾತುಗಳಿಗೆ ಕೂರಲು ಇಳಿಜಾರು ದಡ ಉಳಿಯುವುದಿಲ್ಲ ಎನ್ನುವ ವಿಷಯವನ್ನು ನಮ್ಮ ಹಿರಿಯರು ತಕ್ಷಣ ಬರೆದುಕೊಂಡರು. ದಿನಾ ಕೆರೆಗೆ ಬರುವವರನ್ನು ಕೇಳದೆ ಹಿಂದಿರುಗುವ ಪಕ್ಷಿವೀಕ್ಷಕರು ಅರ್ಧ ಕೆಲಸವನ್ನಷ್ಟೇ ಮಾಡಿರುತ್ತಾರೆ.

ಎಲ್ಲರ ಅಭಿಪ್ರಾಯವೂ ಹಕ್ಕಿಗಳ ಪರ ಇರುವುದಿಲ್ಲ, ಇರಬೇಕೆಂದು ಕೇಳುವುದೂ ತಪ್ಪು. ಕೆರೆಯ ಮೀನಿನ ಗುತ್ತಿಗೆ ಹಿಡಿದವರಿಗೆ ನೀರುಕಾಗೆ, ಹೆಜ್ಜಾರ್ಲೆಗಳು ಬಾಡಿಗೆ ಕೊಡದ ಪಾಲುದಾರರು. ಕಡಲೆ ಹೊಲದವರಿಗೆ ಹೆಬ್ಬಾತು ಸಂಜೆಯ ಕಳ್ಳ. ನಷ್ಟವಾಗುವುದು ಅವರಿಗೆ, ಫೋಟೊ ನಮಗೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಊರಿನವರೇ ತಲೆಮಾರುಗಳಿಂದ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳನ್ನು ಮನೆಯಂಗಳದ ಮರಗಳಲ್ಲಿ ಇರಗೊಟ್ಟಿದ್ದಾರೆ. ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತಿತ್ತು, ಆದರೆ ಹಕ್ಕಿ ಕೂತ ಹುಣಿಸೆಮರದ ಫಸಲು ಕೈಗೆ ಸಿಗುತ್ತಿರಲಿಲ್ಲ. ಆ ನಷ್ಟಕ್ಕೆ ಪರಿಹಾರ ಕೊಡುವ ವ್ಯವಸ್ಥೆ ಬಂದದ್ದು ನಂತರ. 2007ರಲ್ಲಿ ಕೊಕ್ಕರೆ ಬೆಳ್ಳೂರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಅಲ್ಲಿಗೆ ಹೋಗುವ ಗುಂಪುಗಳು ಮೊದಲು ಮರದ ಯಜಮಾನಿಗೆ ನಮಸ್ಕಾರ ಹೇಳುವುದನ್ನು ಕಲಿಯಬೇಕು.

ಕ್ಯಾಮೆರಾದ ಬಗ್ಗೆ ಒಂದು ಮಾತು. ನಮ್ಮ ಗುಂಪಿನ ಲೆನ್ಸಿನವರಿಬ್ಬರೂ ಸಜ್ಜನರು. ಆದರೆ ಅದೇ ದಿನ ಕೆರೆಯ ಇನ್ನೊಂದು ಕಡೆಯಿಂದ ಬಂದ ಬೇರೊಂದು ತಂಡದವರು ಹೆಬ್ಬಾತುಗಳ ಹಾರಾಟದ ಚಿತ್ರ ಬೇಕೆಂದು ಕಲ್ಲೆಸೆದು ಎಬ್ಬಿಸಿದರು. ಇಡೀ ಹಿಂಡು ಕೂಗುತ್ತ ಎದ್ದು, ಎರಡು ಸುತ್ತು ಹೊಡೆದು, ದೂರದ ಮೂಲೆಯಲ್ಲಿ ಇಳಿಯಿತು. ನೋಡಲು ಚೆಂದ, ನಿಜ. ಫೆಬ್ರುವರಿ ಕಳೆದ ಮೇಲೆ ಸಾವಿರಾರು ಕಿಲೋಮೀಟರ್ ಹಾರಿ ಹಿಮಾಲಯ ಏರಬೇಕಾದ ಹಕ್ಕಿ ಇಲ್ಲಿ ಮೇಯುವುದು ಮೈಯಲ್ಲಿ ಕೊಬ್ಬು ಕೂಡಿಸಲು. ಒಂದೊಂದು ಎಬ್ಬಿಸುವಿಕೆಯೂ ಅದರ ಗಂಟಿನಿಂದ ಖರ್ಚು. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಗಂಡನ್ನು ಪೊದೆಯಿಂದ ಹೊರಗೆಳೆಯುವುದು, ಗೂಡಿನ ಮುಂದಿನ ಎಲೆ ಕಿತ್ತು ಮರಿಗಳ ಫೋಟೊ ತೆಗೆಯುವುದು, ಇವೂ ಇದೇ ಜಾತಿಯವು. ಹಿಂದೆ ಬಂದೂಕಿನಿಂದ ಕ್ಯಾಮೆರಾಕ್ಕೆ ಬಂದೆವು ಎಂದು ಹೆಮ್ಮೆ ಪಡುವ ಮೊದಲು ಪೈಪೋಟಿಯ ರಾಶಿ ಈಗ ಎಲ್ಲಿ ಬೀಳುತ್ತಿದೆ ನೋಡಬೇಕು. ಅಂಥವರನ್ನು ತಡೆಯಲು ಒಬ್ಬರಿಗೆ ಧೈರ್ಯ ಸಾಲದು. ಒಂಬತ್ತು ಜನ ಹೋಗಿ ನಿಂತಾಗ ಅವರು ಕಲ್ಲು ಕೆಳಗೆ ಹಾಕಿದರು. ಗುಂಪಿಗೆ ಇದೂ ಒಂದು ಉಪಯೋಗ.

ಒಂಬತ್ತೂವರೆಗೆ ಏರಿಯ ಕೆಳಗಿನ ಆಲದ ನೆರಳಿನಲ್ಲಿ ಡಬ್ಬಿಗಳು ತೆರೆದವು. ಇಡ್ಲಿ, ಚಿತ್ರಾನ್ನ, ಯಾರೋ ತಂದ ಕೋಡುಬಳೆ. ಮಧ್ಯೆ ಪಟ್ಟಿ ಓದುವ ಕಾರ್ಯಕ್ರಮ. ಮೇಷ್ಟ್ರು ಒಂದೊಂದೇ ಹೆಸರು ಕೂಗುತ್ತಾರೆ, ನೋಡಿದವರು ಸಂಖ್ಯೆ ಹೇಳುತ್ತಾರೆ. ಒಬ್ಬರೇ ನೋಡಿದ, ಅಪರೂಪದ ಹಕ್ಕಿಯಾದರೆ ವಿಚಾರಣೆ: ಎಷ್ಟು ದೂರದಲ್ಲಿತ್ತು, ಬೆಳಕು ಎತ್ತಲಿತ್ತು, ಬಾಲ ಹೇಗಿತ್ತು? ಹದ್ದುಗಳ ನಡುವೆ ಬೂಟೆಡ್ ಈಗಲ್ ಕಂಡೆ ಎಂದು ಲೆನ್ಸಿನವರೊಬ್ಬರು ಹೇಳಿದ್ದು ಅವತ್ತು ತೀರ್ಮಾನವಾಗಲಿಲ್ಲ. ಬಾಲ ಕವಲಾಗಿರಲಿಲ್ಲ ಎಂದು ಅವರು, ಬಾಲ ಪೂರ್ತಿ ಬಿಚ್ಚಿದರೆ ಹದ್ದಿನದೂ ಕವಲು ಕಾಣುವುದಿಲ್ಲ ಎಂದು ಹಿರಿಯರು. ರೆಕ್ಕೆಯ ಬುಡದಲ್ಲಿ, ಕೊರಳಿನ ಎರಡು ಬದಿ, ದೀಪದಂತೆ ಹೊಳೆಯುವ ಬಿಳಿ ಚುಕ್ಕೆ ಇತ್ತೇ ಎಂದರೆ ಅವರಿಗೆ ನೆನಪಿಲ್ಲ, ಫೋಟೊದಲ್ಲೂ ಇಲ್ಲ. ಪಟ್ಟಿಯಲ್ಲಿ ‘ಗುರುತಿಸಲಾಗದ ಗಿಡುಗ, ಒಂದು’ ಎಂದು ಹೋಯಿತು. ಖಾತ್ರಿಯಿಲ್ಲದ್ದನ್ನು ಖಾತ್ರಿಯಿಲ್ಲ ಎಂದೇ ಬರೆಯುವ ಇಂಥ ಸಾಲುಗಳಿಂದಲೇ ಉಳಿದ ಸಾಲುಗಳಿಗೆ ಬೆಲೆ.

ಆ ಪಟ್ಟಿ ಅಲ್ಲಿಂದ ಇ-ಬರ್ಡ್ ಎಂಬ ಜಾಲಕ್ಕೆ ಹೋಗುತ್ತದೆ. ಕಂಡ ಎಲ್ಲ ಹಕ್ಕಿಗಳನ್ನೂ, ಕಾಗೆ ಗೊರವಂಕಗಳನ್ನೂ ಬಿಡದೆ ಬರೆದಿದ್ದೇವೆ ಎಂದು ಅದರಲ್ಲಿ ಗುರುತು ಹಾಕಬೇಕು. ಹಾಗೆ ಹಾಕಿದಾಗ ಮಾತ್ರ ಪಟ್ಟಿಯಲ್ಲಿ ಇಲ್ಲದ ಹಕ್ಕಿಯೂ ಒಂದು ಮಾಹಿತಿಯಾಗುತ್ತದೆ. ಒಂದೇ ಕೆರೆಗೆ ವರ್ಷ ವರ್ಷ ಹೋದವರ ಪಟ್ಟಿಯಲ್ಲಿ ಒಂದು ಹೆಸರು ಬರುವುದು ಕಡಿಮೆಯಾಗುತ್ತ ಹೋದರೆ ಆ ಹಕ್ಕಿಗೆ ಏನೋ ಆಗಿದೆ ಎಂದು ತಿಳಿಯುವುದು ಹೀಗೆಯೇ. ‘ಭಾರತದ ಹಕ್ಕಿಗಳ ಸ್ಥಿತಿಗತಿ’ ಎಂಬ 2023ರ ವರದಿ 942 ಬಗೆಯ ಹಕ್ಕಿಗಳನ್ನು ಪರಿಶೀಲಿಸಿ 178 ಬಗೆಗಳಿಗೆ ತುರ್ತು ಗಮನ ಬೇಕು ಎಂದಿತು. ಅದಕ್ಕೆ ಆಧಾರವಾದ 3 ಕೋಟಿಗೂ ಹೆಚ್ಚು ದಾಖಲೆಗಳನ್ನು ಕೊಟ್ಟವರು 30 ಸಾವಿರಕ್ಕೂ ಹೆಚ್ಚು ಪಕ್ಷಿವೀಕ್ಷಕರು. ಬಹುಪಾಲು ಇಂಥ ಬ್ಯಾಂಕಿನವರು, ಮೇಷ್ಟ್ರುಗಳು, ವಿದ್ಯಾರ್ಥಿಗಳು.

ಹಿಂದಿರುಗುವಾಗ ರಸ್ತೆಬದಿಯ ತಂತಿಯ ಮೇಲೆ ಒಂದು ನೀಲಕಂಠ ಕೂತಿತ್ತು. ಕರ್ನಾಟಕದ ರಾಜ್ಯಪಕ್ಷಿ. ಮಾಮೂಲಿ ಹಕ್ಕಿ ಎಂದು ಲೆನ್ಸುಗಳು ಚೀಲದಿಂದ ಹೊರಬರಲಿಲ್ಲ. ಅದೇ ವರದಿ ದೇಶದಲ್ಲಿ ಇಳಿಮುಖವಾಗುತ್ತಿರುವ ಸಾಮಾನ್ಯ ಹಕ್ಕಿಗಳಲ್ಲಿ ನೀಲಕಂಠವನ್ನು ಹೆಸರಿಸಿ, ಅದರ ಸಂರಕ್ಷಣಾ ಸ್ಥಾನವನ್ನು ಜಾಗತಿಕ ಮಟ್ಟದಲ್ಲಿ ಮತ್ತೆ ಪರಿಶೀಲಿಸಬೇಕೆಂದು ಹೇಳಿದೆ. ಅಪರೂಪದ ಗಿಡುಗಕ್ಕಾಗಿ ಗಂಟೆಗಟ್ಟಲೆ ವಾದಿಸುವ ನಾವು, ಎದುರಿಗಿರುವ ನೀಲಕಂಠವನ್ನು ಎಣಿಸಲು ಕಾರು ನಿಲ್ಲಿಸುವುದಿಲ್ಲ. ಅವತ್ತು ನಿಲ್ಲಿಸಿದ್ದು ಹಿಂದಿನ ಸೀಟಿನಿಂದ ಹುಡುಗ ಕೂಗಿದ್ದಕ್ಕೆ.

ಪ್ರತಿ ಫೆಬ್ರುವರಿಯ ನಡುವಿನ ನಾಲ್ಕು ದಿನ ಹಿತ್ತಿಲ ಹಕ್ಕಿಗಳ ಗಣತಿ ಜಗತ್ತಿನಾದ್ಯಂತ ನಡೆಯುತ್ತದೆ, 2013ರಿಂದ ಭಾರತವೂ ಸೇರಿದೆ. ಕೇಳುವುದು ಹದಿನೈದು ನಿಮಿಷ, ಒಂದು ಜಾಗ, ಕಂಡ ಎಲ್ಲ ಹಕ್ಕಿಗಳ ಹೆಸರು, ಸಂಖ್ಯೆ. ನಿಮ್ಮೂರಿನ ಕೆರೆಯ ಹೆಸರು ಇ-ಬರ್ಡಿನಲ್ಲಿ ಇದೆಯೋ ನೋಡಿ. ಇಲ್ಲದಿದ್ದರೆ ಈ ಸಲ ನಿಮಗಿಂತ ಹೆಚ್ಚು ಗೊತ್ತಿರುವ ಒಬ್ಬರನ್ನೂ, ಎದುರಾಡಲು ಹೆದರದ ಇನ್ನೊಬ್ಬರನ್ನೂ ಕರೆದುಕೊಂಡು ಹೋಗಿ ಬರೆಯಿರಿ.